ಕಾಲ ಸರಿ ಮಾಡುವ ಹರಳು

ಅಜ್ಜಂಪುರದಲ್ಲಿ ಇಂಟರ್ನೆಟ್ ನಿಂತುಹೋದಾಗ ಊರಿನವರ ಮುಖವೆಲ್ಲ ಬಾಡಿದರೆ ಮಿಕ್ಸಿ ಷಣ್ಮುಖಪ್ಪನ ಮುಖ ಮಾತ್ರ ಅರಳಿತು. ತರೀಕೆರೆಯಿಂದ ಸಿಗ್ನಲ್ ಹಿಡಿಯುವ ಕೇಬಲ್ ಲಕ್ಷ್ಮಣಪ್ಪನ ಪೆಟ್ಟಿಗೆ ಕೆಟ್ಟಿತ್ತು. ಬೆಂಗಳೂರಿನವರು ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕೆಂದಿದ್ದರು. “ಏನೂ ಬೇಡ, ನಾನೇ ಎಬ್ಬಿಸ್ತೀನಿ” ಎಂದು ಷಣ್ಮುಖಪ್ಪ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ಹೇಳಿಬಿಟ್ಟಿದ್ದ. ವರ್ಷಗಟ್ಟಲೆ ಮಿಕ್ಸಿ ಬಿಚ್ಚಿದವನಿಗೆ ಇದ್ದುದು ಒಂದೇ ಆಸೆ, ಜನ ತನ್ನನ್ನು ಇಂಜಿನಿಯರ್ ಅನ್ನಬೇಕು.

ಬೆಳಿಗ್ಗೆ ಕೊರಿಯರ್‌ನಲ್ಲಿ ಬೇಕಾದ ಭಾಗ ಬಂತು, ಪೆಟ್ಟಿಗೆಯ ಒಳಗಡಿಯಾರದಂಥದ್ದು. ಅವರೆಕಾಳಿಗಿಂತಲೂ ಚಿಕ್ಕದು. ಪಕ್ಕದ ಮನೆಯ ಸಾವಿತ್ರಮ್ಮ ಅಂಗಡಿಯೊಳಗೆ ಇಣುಕಿದರು.

“ಏನಪ್ಪಾ ಅದು?”

“ಪ್ರೋಗ್ರಾಮಬಲ್ ವೋಲ್ಟೇಜ್ ಕಂಟ್ರೋಲ್ಡ್ ಕ್ರಿಸ್ಟಲ್ ಆಸಿಲೇಟರ್!” ಒಂದೇ ಉಸಿರಿನಲ್ಲಿ ಹೇಳಿ ಷಣ್ಮುಖಪ್ಪ ಎದೆ ಉಬ್ಬಿಸಿದ.

“ಕನ್ನಡದಾಗೆ ಹೇಳೋ.”

ಅಲ್ಲಿಗೇ ಸುಮ್ಮನಾಗಿದ್ದರೆ ಚೆನ್ನಾಗಿತ್ತು.

“ಒಳಗೊಂದು ಹರಳೈತೆ ಸಾವಿತ್ರಕ್ಕ. ಕಾಲ ಸರಿ ಮಾಡೋ ಹರಳು.”

“ಕಾಲ ತೀರಾ ಕೆಟ್ಟಿದ್ರೆ?”

“ಎಷ್ಟೇ ಕೆಟ್ಟಿರ್ಲಿ! ನಮಗೆ ಹೆಂಗೆ ಬೇಕೋ ಹಂಗೆ ಬರೆದಿಡಬಹುದು. ಆಮೇಲೂ ಚೂರು ಹೆಚ್ಚುಕಮ್ಮಿ ಆದ್ರೆ ವೋಲ್ಟೇಜ್ ಕೊಟ್ಟು ತಿದ್ದಬಹುದು.”

ಸಾವಿತ್ರಮ್ಮ ಕೈ ಮುಗಿದರು. ತನ್ನ ವಿದ್ಯೆಗೇ ಮುಗಿದರೆಂದು ಷಣ್ಮುಖಪ್ಪ ಹಿಗ್ಗಿದ.

ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬೀದಿಯ ಜನ ಜಾತಕ ಹಿಡಿದು ಬಾಗಿಲಲ್ಲಿದ್ದರು. ಷಣ್ಮುಖಪ್ಪ ಗಾಬರಿಯಾಗಿ, “ಜಾತಕ ಯಾಕ್ರೀ? ಇದು ಸೆಕೆಂಡಿಗೆ ಕೋಟಿ ಸಲ ಮಿಡಿಯೋ ಯಂತ್ರ ಕಣ್ರೀ!” ಎಂದು ಕೂಗಿದ.

“ಯಂತ್ರವಂತೆ! ಕೋಟಿ ಜಪವಂತೆ!” ಎಂದು ಹಿಂದಿನವರು ಮುಂದಿನವರನ್ನು ನೂಕಿದರು.

ಷಣ್ಮುಖಪ್ಪ ಹಿತ್ತಿಲ ಬಾಗಿಲಿನಿಂದ ತಪ್ಪಿಸಿಕೊಂಡು, ಪೆಟ್ಟಿಗೆಯಿದ್ದ ಲಕ್ಷ್ಮಣಪ್ಪನ ತಾರಸಿ ಸೇರಿದ. ಜನ ಅಲ್ಲಿಗೂ ಬಂದರು. ಮೇಲೆ ಬೆಸುಗೆಯ ಹೊಗೆ ಎದ್ದರೆ ಕೆಳಗೆ ಧೂಪವೆಂದು ಕೆನ್ನೆ ಬಡಿದುಕೊಂಡರು. ಷಣ್ಮುಖಪ್ಪ ತಲೆಯೆತ್ತಲಿಲ್ಲ. ಬೆವರು ಒರೆಸಿಕೊಂಡು ಆ ಪುಟ್ಟ ಭಾಗದ ಕೊನೆಯ ಲೋಹದ ಕಾಲನ್ನೂ ಬೆಸೆದ, ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹೊಂದಿಸಿದ. ಹಸಿರು ದೀಪ ಹತ್ತಿತು! ಬೆಂಗಳೂರಿನವರು ಕೈಬಿಟ್ಟ ಪೆಟ್ಟಿಗೆಗೆ ನಮ್ಮೂರಿನವನು ಜೀವ ಕೊಟ್ಟಿದ್ದ. ಹೆಮ್ಮೆಪಡದೆ ಹೇಗಿರುವುದು?

“ಇಂಜಿನಿಯರ್ ಅಂದ್ರೆ ನೀನು ಕಣಯ್ಯ!” ಲಕ್ಷ್ಮಣಪ್ಪ ತಬ್ಬಿಕೊಂಡ. ಷಣ್ಮುಖಪ್ಪನ ಕಣ್ಣು ತುಂಬಿತು.

ಊರಿನ ಮೊಬೈಲುಗಳೆಲ್ಲ ಟಿಣ್ ಟಿಣ್ ಎಂದವು. ನೆಟ್ ಇಲ್ಲದೆ ಸಾವಿತ್ರಮ್ಮನ ಮೊಬೈಲಿನಲ್ಲೇ ಸಿಕ್ಕಿಕೊಂಡಿದ್ದ, ಹರಳಿನ ಮಹಿಮೆ ಸಾರುವ ಬೆಳಗಿನ ಮೆಸೇಜು ಒಂದೇ ನೆಗೆತಕ್ಕೆ ತರೀಕೆರೆ, ಕಡೂರು, ಬೀರೂರು ಮುಟ್ಟಿತು.

ಸಂಜೆ ತರೀಕೆರೆ ಬಸ್ಸು ಪೂರ್ತಿ ಷಣ್ಮುಖಪ್ಪನ ಅಂಗಡಿ ಮುಂದೆಯೇ ಖಾಲಿಯಾಯಿತು. ಮೊದಲು ಇಳಿದ ಮುದುಕಪ್ಪ ನೇರವಾಗಿ ಬಂದು ಕಾಲಿಗೆ ಬಿದ್ದ.

“ಹರಳು ಸ್ವಾಮಿಗಳು ಅಂದ್ರೆ ತಾವೇ ಅಲ್ವಾ?”

“ಅಯ್ಯೋ, ಏಳಪ್ಪಾ! ನಾನು ಇಂಜಿನಿಯರ್!”

ಮುದುಕಪ್ಪ ಭಕ್ತಿಯಿಂದ ತಲೆಯಾಡಿಸಿದ.

“ಪೂರ್ವಾಶ್ರಮದಲ್ಲಿ ಆಗಿರಬಹುದು, ಬುದ್ಧಿ.”