ಹತ್ತೊಂಬತ್ತು ಸೌತೆಕಾಯಿ

ಹುಬ್ಬಳ್ಳಿಯ ಬಸ್ಸಿನ ಮೇಲಿಂದ ಇಳಿದ ಒಂದು ಹೊಸ ಸೈಕಲ್ಲು ಪೋಸ್ಟಮನ್ ಭರಮಪ್ಪನ ನೆಮ್ಮದಿ ಕೆಡಿಸಿತು. ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮೊದಲಿನ ಮಾತು. ಶಿಗ್ಗಾಂವದಲ್ಲಿ ಟಪಾಲು ಹಂಚುವವರು ಆಗ ಇಬ್ಬರೇ. ಊರೊಳಗಿನ ನಾಲ್ಕು ಓಣಿ ಮುದುಕ ಅಜ್ಜಪ್ಪನವು. ಬಂಕಾಪುರದ ದಾರಿಗುಂಟ ಇದ್ದ ಹಳ್ಳಿಗಳೆಲ್ಲ ಭರಮಪ್ಪನವು. ದಿನಾಲು ಹನ್ನೆರಡು ಮೈಲಿ ನಡೆದರೂ ಭರಮಪ್ಪನ ಹೊಟ್ಟೆ ಮಾತ್ರ ಕರಗಿರಲಿಲ್ಲ. ಮಗ ಹುಟ್ಟಿದ ಕಾಗದ ಓದಿ ಹೇಳಿದರೆ ಉಂಡಿ ಕೊಡುತ್ತಿದ್ದರು, ಮಾವ ಸತ್ತ ಕಾಗದ ಓದಿ ಹೇಳಿದರೆ ಅತ್ತು ಮುಗಿಸಿ ಅವಲಕ್ಕಿ ಕೊಡುತ್ತಿದ್ದರು. ಭರಮಪ್ಪ ಯಾವುದನ್ನೂ ಒಲ್ಲೆ ಅಂದವನಲ್ಲ.

ಸೈಕಲ್ಲಿನ ಜೊತೆ ಬಂದ ಇಂಗ್ಲಿಷ್ ಕಾಗದವನ್ನು ಪೋಸ್ಟ್ ಮಾಸ್ತರರು ಎರಡು ಸಲ ಓದಿದರು.

“ಇದು ಬಂಕಾಪುರದ ದಾರಿಗೆ ಕೊಟ್ಟದ್ದು. ಆದರ ಹತ್ತಾವನ ತೂಕ ನೂರಾ ಎಂಬತ್ತು ಪೌಂಡು, ಅಂದ್ರ ರತಲು, ದಾಟಬಾರದಂತ. ಸಂಜೀ ಐದಕ್ಕ ತೂಕಾ ಮಾಡಿ, ಹೆಸರು ಬರದು ಕಳಸಬೇಕು.”

ಸೈಕಲ್ಲು ಬರುತ್ತದೆ ಎಂಬ ಸುದ್ದಿ ಕೇಳಿ, ಬಾಡಿಗೆ ಸೈಕಲ್ಲಿನ ಮೇಲೆ ಮೂರು ಸಲ ಬಿದ್ದು ಕಲಿತವನು ಭರಮಪ್ಪ. ನೇರವಾಗಿ ಪರಮೇಶಪ್ಪನ ಕಾಳಿನ ಅಂಗಡಿಗೆ ಓಡಿ, ಜೋಳದ ಚೀಲ ತೂಗುವ ದೊಡ್ಡ ತಕ್ಕಡಿಯಲ್ಲಿ ಕುಳಿತ.

“ನೂರಾ ಎಂಬತ್ತೊಂದು” ಅಂದ ಪರಮೇಶಪ್ಪ.

“ಚಪ್ಪಲಿ ತಗೀಲೇನ್ರಿ?”

“ಚಪ್ಪಲಿ ಬಾಗಲದಾಗ ಬಿಟ್ಟೀಯಲ್ಲೋ.”

“ರುಮಾಲು?”

“ಅದು ನನ್ನ ಕೈಯಾಗ ಐತಿ.”

ಒಂದೇ ಒಂದು ರತಲು! ಭರಮಪ್ಪ ದವಾಖಾನೆಗೆ ಹೋಗಿ ಕಂಪೌಂಡರ್ ನಿಯಾಜನ ಮುಂದೆ ನಿಂತ. ನಿಯಾಜ ಬೆಳಗಾವಿಯಲ್ಲಿ ಎರಡು ವರ್ಷ ಇದ್ದು ಬಂದವನು. ಅಲ್ಲಿಂದ ತಂದ ಒಂದು ತಕ್ತೆಯನ್ನು ಔಷಧದ ಕಪಾಟಿಗೆ ಅಂಟಿಸಿದ್ದ. ಯಾವ ಪದಾರ್ಥದಲ್ಲಿ ಎಷ್ಟು ಕ್ಯಾಲರಿ ಎಂದು ಅದರಲ್ಲಿ ಬರೆದಿತ್ತು. ಇಲ್ಲಿಯತನಕ ಅದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ನಿಯಾಜನಿಗೆ ಹಿಗ್ಗೋ ಹಿಗ್ಗು.

“ಕ್ಯಾಲರಿ ಅಂದ್ರ ಒಲಿಗೆ ಹಾಕೋ ಕಟಗಿ ಇದ್ದಂಗ, ಭರಮಣ್ಣ. ಉರದಷ್ಟು ಉರದು, ಉಳದದ್ದು ಹೊಟ್ಟಿಮ್ಯಾಲ ಬಂದು ಕೂಡತೈತಿ. ಒಂದು ರತಲು ಇಳಸಬೇಕಂದ್ರ ಮೂರೂವರಿ ಸಾವಿರ ಕಡಿಮಿ ತಿನ್ನಬೇಕು. ಇಲ್ಲಿ ನೋಡು, ರೊಟ್ಟಿ ಒಂದಕ್ಕ ಎರಡನೂರು. ಸೌತಿಕಾಯಿಗೆ ಬರೇ ಹನ್ನೆರಡು.”

“ಹಂಗಾರ ಸೌತಿಕಾಯಿ ಎಷ್ಟು ತಿನ್ನಬೇಕು?”

“ಅದಕ್ಯಾಕ ಲೆಕ್ಕ? ಕಾಯಿಪಲ್ಲೆ ಹೊಟ್ಟಿ ತುಂಬ ತಿನ್ನು. ಆದರ ನೋಡು, ಇದು ಒಂದು ದಿನದ ಮಾತಲ್ಲ...” ಎನ್ನುವಷ್ಟರಲ್ಲಿ ಒಳಗಿನಿಂದ ಡಾಕ್ಟರು ಕೂಗಿದರು. ನಿಯಾಜ ಬಾಟಲಿ ಹಿಡಿದು ಓಡಿದ. ಕೊನೆಯ ಮಾತು ಭರಮಪ್ಪನ ಕಿವಿಗೆ ಬೀಳಲೇ ಇಲ್ಲ. ಅವನು ಆಗಲೇ ಬೆರಳು ಮಡಚುತ್ತ ಲೆಕ್ಕಕ್ಕೆ ಇಳಿದಿದ್ದ.

ಲೆಕ್ಕದಲ್ಲಿ ಭರಮಪ್ಪ ಶಾಲೆಯಲ್ಲಿದ್ದಾಗಿನಿಂದಲೂ ಗಟ್ಟಿ. ಒಂದು ರೊಟ್ಟಿ ಬಿಟ್ಟು ಒಂದು ಸೌತೆಕಾಯಿ ತಿಂದರೆ ನೂರಾ ಎಂಬತ್ತೆಂಟು ಉಳಿತಾಯ. ಎರಡು ಸೌತೆಕಾಯಿ ತಿಂದರೆ ಅದರ ಇಮ್ಮಡಿ. ಹತ್ತೊಂಬತ್ತು ತಿಂದರೆ ಮೂರು ಸಾವಿರದ ಐದುನೂರಾ ಎಪ್ಪತ್ತೆರಡು. ಒಂದು ರತಲು ಇಳಿದು ಮೇಲೆ ಎಪ್ಪತ್ತೆರಡು ಕ್ಯಾಲರಿ ಕೈಯಲ್ಲಿ ಉಳಿಯುತ್ತದೆ! ಇಷ್ಟು ಸರಳವಾದದ್ದು ಜಗತ್ತಿನ ದಪ್ಪ ಜನಕ್ಕೆ ಯಾಕೆ ಹೊಳೆದಿಲ್ಲ ಎಂದು ಅವನಿಗೆ ಮರುಕವಾಯಿತು.

ಮನೆಯಲ್ಲಿ ಹೆಂಡತಿ ಗುತ್ತೆವ್ವ ಬದನೇಕಾಯಿ ಎಣ್ಣಿಗಾಯಿ ಮಾಡಿ ಬಿಸಿ ರೊಟ್ಟಿ ಬಡಿಯುತ್ತಿದ್ದಳು.

“ನನಗ ರೊಟ್ಟಿ ಬ್ಯಾಡ.”

ಗುತ್ತೆವ್ವನ ಕೈ ಹಂಚಿನ ಮೇಲೆಯೇ ನಿಂತಿತು. ಮದುವೆಯಾಗಿ ಹದಿನಾರು ವರ್ಷದಲ್ಲಿ ಕೇಳದ ಮಾತು. “ನಮ್ಮವ್ವನ ಮನಿಗೆ ಹೋಗಿ ಬರ್ತೇನಿ ಅಂದದ್ದಕ್ಕ ಸಿಟ್ಟೇನ್ರಿ?” ಎಂದು ಸೆರಗಿನಿಂದ ಕಣ್ಣೊರೆಸಿದಳು.

“ಸಿಟ್ಟಲ್ಲೇ ಹುಚ್ಚಿ. ಸೌತಿಕಾಯಿ ಒಂದು ತಿಂದ್ರ ನೂರಾ ಎಂಬತ್ತೆಂಟು ಉಳಿತಾವು.”

“ಎಲ್ಲಿ ಉಳಿತಾವು?”

ಎಣ್ಣಿಗಾಯಿಯ ವಾಸನೆ ಕಾಲು ಹಿಡಿಯುವ ಮೊದಲೇ ಭರಮಪ್ಪ ಟಪಾಲಿನ ಚೀಲ ಹೆಗಲಿಗೇರಿಸಿ ಹೊರಬಿದ್ದ.

ಬಸ್ಸು ನಿಲ್ಲುವಲ್ಲಿ ರಮಜಾನಬಿ ಸೌತೆಕಾಯಿ ಬುಟ್ಟಿ ಇಟ್ಟು ಕುಳಿತಿದ್ದಳು.

“ಹತ್ತೊಂಬತ್ತ? ಎಮ್ಮಿ ಏನರ ತಂದು ಕಟ್ಟೀಯೇನೋ ಬೇಟಾ?”

ಭರಮಪ್ಪ ಗುಟ್ಟು ಹೇಳಿದ. ಅವಳಿಗೆ ಕನಿಕರ ಉಕ್ಕಿತು. “ಹಂಗಾರ ಈ ನಾಕು ಮೂಲಂಗೀನೂ ತಿನ್ನು. ಇದರಾಗಂತೂ ಏನೂ ಇಲ್ಲ. ರೊಕ್ಕಾ ಬ್ಯಾಡ” ಎಂದು ಚೀಲಕ್ಕೆ ತುರುಕಿದಳು.

ರಮಜಾನಬಿಗೆ ಹೇಳಿದ ಗುಟ್ಟು ಎತ್ತಿನ ಗಾಡಿಗಳ ಸಂಗಡ ಭರಮಪ್ಪನಿಗಿಂತ ಮುಂದೆ ನಡೆಯಿತು. ಮೊದಲ ಹಳ್ಳಿ ಮುಟ್ಟುವಷ್ಟರಲ್ಲಿ ಅವನ ಹೊಟ್ಟೆಯಲ್ಲಿ ಏಳು ಸೌತೆಕಾಯಿ. ಅಲ್ಲಿ ಗೌಡರ ಮನೆಯ ಮುದುಕಿ ತಿಪ್ಪವ್ವ ಒಂದು ಮೊರ ಪೇರಲಹಣ್ಣು ಹಿಡಿದು ಕಾಯುತ್ತಿದ್ದಳು.

“ಸೈಕಲ್ ಸಲವಾಗಿ ಉಪವಾಸ ಅದೀಯಂತಲ್ಲೋ ನನ್ನಪ್ಪ! ಹಣ್ಣಿನಿಂದ ಯಾರಿಗಾದ್ರೂ ಮೈ ಬಂದೈತೇನು? ತಿನ್ನು.”

“ಬರೇ ಸೌತಿಕಾಯಿ ಅಂದಾರ, ಆಯಿ.”

“ನನ್ನ ಕಾಗದಾ ಓದಾವ ನೀನು. ನಿನ್ನ ಹೊಟ್ಟಿ ನೋಡಾಕಿ ನಾನು.”

ನಾಲ್ಕು ಪೇರಲ ಒಳಗೆ ಹೋದವು. ಮುಂದಿನ ಹಳ್ಳಿಯಲ್ಲಿ ಯಾರೋ ಗಜ್ಜರಿ ಕೊಟ್ಟರು, ಇನ್ಯಾರೋ ಮೆಂತೆ ಸೊಪ್ಪಿನ ಕಟ್ಟು ಹಿಡಿದು ಎಮ್ಮೆಗೆ ಒಡ್ಡುವ ಹಾಗೆ ಬಾಯಿಗೇ ಒಡ್ಡಿದರು. ಈ ಉಪಚಾರದ ನಡುವೆ ಹದಿಮೂರನೆಯದೋ ಹದಿನಾಲ್ಕನೆಯದೋ ಸೌತೆಕಾಯಿಗೆ ಲೆಕ್ಕ ತಪ್ಪಿತು. ಸರಕಾರಿ ಕೆಲಸದಲ್ಲಿ ಕಡಿಮೆ ಬೀಳಬಾರದೆಂದು ಭರಮಪ್ಪ ಹನ್ನೊಂದರಿಂದ ಮತ್ತೆ ಎಣಿಸಿದ. ಕೊಂಡದ್ದು ಮುಗಿದಾಗ ದಾರಿಯ ಹೊಲದವರು ಇನ್ನೂ ನಾಲ್ಕು ಕಿತ್ತು ಕೊಟ್ಟರು. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಮರಳಿ ಬರುವಾಗ ಭರಮಪ್ಪ ಹೆಜ್ಜೆ ಹೆಜ್ಜೆಗೂ ತುಳುಕಿದ.

ಐದು ಗಂಟೆಗೆ ಪರಮೇಶಪ್ಪನ ಅಂಗಡಿಯ ಮುಂದೆ ಅರ್ಧ ಊರೇ ನೆರೆದಿತ್ತು. ಪೋಸ್ಟ್ ಮಾಸ್ತರರು ಕಾಗದ, ಪೆನ್ನು ಹಿಡಿದು ನಿಂತಿದ್ದರು. ಜೋಳದ ದಂಟಿನಂಥ ಅಜ್ಜಪ್ಪ ಮೂಲೆಯಲ್ಲಿ ಬೀಡಿ ಸೇದುತ್ತಿದ್ದ. ಅವನಿಗೆ ಸೈಕಲ್ಲು ಬೇಕಾಗಿರಲಿಲ್ಲ, ಕರೆದರೆಂದು ಬಂದಿದ್ದ. ಪರಮೇಶಪ್ಪ ತಕ್ಕಡಿಯ ತಟ್ಟೆಯಲ್ಲಿದ್ದ ಒಂದು ಖಾಲಿ ಗೋಣಿಚೀಲ ತೆಗೆದೊಗೆದು, “ಏರಪಾ” ಎಂದ.

ಭರಮಪ್ಪ ಏರಿದ. ಹಗ್ಗ ಕಿರ್ರೆಂದಿತು. ಪರಮೇಶಪ್ಪ ಕಲ್ಲು ಇಟ್ಟ, ಇನ್ನೊಂದಿಟ್ಟ, ಮತ್ತೊಂದಿಟ್ಟ.

“ನೂರಾ ಎಂಬತ್ತಾರು!”

“ಹ್ಯಾಂಗ ಸಾಧ್ಯ? ಬೆಳಿಗ್ಗಿಂದ ರೊಟ್ಟಿ ಮೂಸಿಲ್ರಿ!” ಭರಮಪ್ಪ ಗಾಬರಿಯಾಗಿ ನಿಯಾಜನನ್ನು ಹುಡುಕಿದ. ಗುಂಪಿನಲ್ಲಿದ್ದ ನಿಯಾಜ ಇಡೀ ದಿನದ ಊಟದ ಪಟ್ಟಿ ಕೇಳಿ ಹಣೆ ಬಡಿದುಕೊಂಡ.

“ಸೌತಿಕಾಯಾಗ ಕ್ಯಾಲರಿ ಇಲ್ಲ, ಖರೆ. ತೂಕಾ ಇಲ್ಲ ಅಂತ ಯಾರು ಹೇಳಿದ್ರಪಾ? ಹೊಟ್ಟ್ಯಾಗಿದ್ರೂ ಸೌತಿಕಾಯಿ ಸೌತಿಕಾಯಿನ! ನಾ ಹೇಳಿದ್ದು ತಿಂಗಳಗಟ್ಟಲೆ ಮಾಡೋ ಪಥ್ಯ.”

“ಮಾಸ್ತರ್ರಿ, ಒಂದು ಮಿನೀಟು ಬೇಲಿ ಹಿಂದ ಹೋಗಿ ಬರ್ತೇನ್ರಿ” ಎಂದು ಬೇಡಿಕೊಂಡ ಭರಮಪ್ಪ. ಮಾಸ್ತರರು ದಯಾವಂತರು, ತಲೆಯಾಡಿಸಿದರು. ಅವನು ಹೋಗಿ ಬಂದು ಮತ್ತೆ ಕುಳಿತಾಗ ತಕ್ಕಡಿ ನೂರಾ ಎಂಬತ್ತನಾಲ್ಕು ತೋರಿಸಿತು. ಜನ ಚಪ್ಪಾಳೆ ತಟ್ಟಿದರು.

“ಇನ್ನೆರಡು ಸಲ ಹೋಗಿ ಬಾರಲೇ!” ಎಂದು ಯಾರೋ ಹುರಿದುಂಬಿಸಿದರು. ಆದರೆ ಭರಮಪ್ಪನಲ್ಲಿ ಆ ಶಕ್ತಿ ಉಳಿದಿರಲಿಲ್ಲ. ಆಗ ಅವನ ಕಣ್ಣು ನೆಲದ ಮೇಲಿದ್ದ ಗೋಣಿಚೀಲದ ಮೇಲೆ ಬಿತ್ತು.

“ಇದು ಬೆಳಿಗ್ಗೀನೂ ತಕ್ಕಡ್ಯಾಗ ಇತ್ತೇನ್ರಿ?”

ಪರಮೇಶಪ್ಪ ಚೀಲವನ್ನು ನೋಡಿದ, ಆಕಾಶ ನೋಡಿದ. “ಇದ್ದರೂ ಇರಬಹುದು ನೋಡಪಾ. ನೀ ಓಡಿ ಬಂದು ಕುಂತಿ.”

“ಎಷ್ಟು ತೂಗತೈತಿ?”

“ಎರಡು ರತಲು.”

ಅಂದರೆ ಬೆಳಿಗ್ಗೆ ಅವನು ನೂರಾ ಎಪ್ಪತ್ತೊಂಬತ್ತು. ಎರಡು ರೊಟ್ಟಿ ಉಂಡು, ಎಣ್ಣಿಗಾಯಿ ಮುಕ್ಕಿ, ಸುಮ್ಮನೆ ಟಪಾಲು ಹಂಚಿ ಬಂದಿದ್ದರೂ ಸೈಕಲ್ಲು ಅವನದೇ! ಭರಮಪ್ಪನಿಗೆ ಅಳು ಬಂತು. ಅಳಲೂ ಹೊಟ್ಟೆಯಲ್ಲಿ ಜಾಗವಿರಲಿಲ್ಲ.

ಅಜ್ಜಪ್ಪನನ್ನು ತೂಗಿದರು. ನೂರಾ ಹನ್ನೆರಡು.

“ನನಗ ಬ್ಯಾಡ್ರಿ ಸಾಹೇಬ್ರ” ಅಂದ ಅಜ್ಜಪ್ಪ. “ಕುದರಿ ಆದ್ರ ಹೋ ಅಂದಲ್ಲಿ ನಿಂದರತೈತಿ. ಇದಕ್ಕ ಕಿವೀನ ಇಲ್ಲ.”

“ಹುಕುಂ ಅಂದ್ರ ಹುಕುಂ. ಸೈಕಲ್ ನಿಂದು, ಬಂಕಾಪುರದ ದಾರೀನೂ ನಿಂದು. ಊರಾಗಿನ ಓಣಿ ಇನ್ನ ಭರಮಪ್ಪಂದು” ಎಂದು ಮಾಸ್ತರರು ಬರೆದುಕೊಂಡರು.

ಭರಮಪ್ಪನ ಮುಖ ಅರಳಿತು. ಹನ್ನೆರಡು ಮೈಲಿ ಹೋಗಿ ನಾಲ್ಕು ಓಣಿ! ಇದಲ್ಲವೇ ಭಾಗ್ಯ?

“ಆದರ,” ಮಾಸ್ತರರು ಪೆನ್ನು ಎತ್ತಿದರು, “ಅಜ್ಜಪ್ಪಗ ಸೈಕಲ್ ಹೊಡಿಯಾಕ ಬರೂದಿಲ್ಲ. ನಿನಗ ಬರತೈತಿ. ಅಂವ ಕಲಿಯೂತನಕ ನೀ ಸೀಟು ಹಿಡಕೊಂಡು ಹಿಂದ ಹೋಗು. ಟಪಾಲಿನ ಚೀಲಾನೂ ನೀನ ಹೊತ್ಕೊ, ಅಂವ ಹೊತ್ರ ತೋಲು ತಪ್ಪಿ ಬೀಳತಾನ. ಬಂದ ಮ್ಯಾಲ ಊರಾಗಿಂದು ಹಂಚು.”

ಮರುದಿನದಿಂದ ಬಂಕಾಪುರದ ದಾರಿಯ ಜನ ಹೊಸ ನೋಟ ಕಂಡರು. ಅಜ್ಜಪ್ಪ ಮದುಮಗನಂತೆ ಸೈಕಲ್ಲಿನ ಮೇಲೆ. ಹೆಗಲಿಗೆ ಚೀಲ, ಕೈಯಲ್ಲಿ ಸೀಟು ಹಿಡಿದು ಭರಮಪ್ಪ ಹಿಂದೆ. ಮೊದಲು ನಡೆಯುತ್ತಿದ್ದವನು ಈಗ ಓಡಬೇಕಾಗಿತ್ತು. ಒಂದು ವಾರವಾಯಿತು, ಎರಡಾದವು, ಮೂರು ತುಂಬಿದವು. ಅಜ್ಜಪ್ಪನಿಗೆ ಕಲಿಕೆ ಹತ್ತಲಿಲ್ಲ. ಕೈ ಸ್ವಲ್ಪ ಸಡಿಲಾದರೆ ಸಾಕು, “ಬಿದ್ನೋ ತಮ್ಮಾ, ಹಿಡಿಯೋ!” ಎಂದು ಚೀರುತ್ತಿದ್ದ.

ಅದೊಂದು ದಿನ ಭರಮಪ್ಪನ ಚಪ್ಪಲಿಯ ಉಂಗುಟ ಹರಿಯಿತು. ಹೇಳದೆ ಕೈಬಿಟ್ಟು ಕುಳಿತು ಕಟ್ಟಿಕೊಂಡು ತಲೆಯೆತ್ತಿದರೆ, ಅಜ್ಜಪ್ಪ ಅರ್ಧ ಫರ್ಲಾಂಗು ಮುಂದೆ ಇದ್ದಾನೆ! ಒಂದು ಕೈಯಲ್ಲಿ ಹ್ಯಾಂಡಲ್ಲು, ಇನ್ನೊಂದು ಕೈಯಲ್ಲಿ ಬೀಡಿ. ಎದುರಿನ ಎತ್ತಿನ ಗಾಡಿಯನ್ನು ಸೊಗಸಾಗಿ ಬಳಸಿ, ಗಂಟೆ ಬಾರಿಸಿ, ಗಾಡಿಯವನಿಗೆ ನಮಸ್ಕಾರವನ್ನೂ ಹೊಡೆದ.

ಭರಮಪ್ಪ ಓಡಿ ಹೋಗಿ ಹಿಡಿದ. “ಕಾಕಾ! ನಿಮಗ ಸೈಕಲ್ ಬರತೈತಿ!”

ಅಜ್ಜಪ್ಪ ನಿಧಾನವಾಗಿ ಇಳಿದು ಬೀಡಿ ಒಗೆದ. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಪ್ರೀತಿಯಿಂದ ಭರಮಪ್ಪನ ಬೆನ್ನು ಸವರಿದ.

“ಮೂರನೇ ದಿನಾನ ಬಂತಲ್ಲೋ ತಮ್ಮಾ. ಹಂಗಂತ ಮಾಸ್ತರ್ರಿಗೆ ಹೇಳಿದ್ರ ಚೀಲಾ ನಾನ ಹೊರಬೇಕಾಗತೈತಿ. ನನಗ ಐವತ್ತೆಂಟು. ಬರೋ ವರ್ಷ ಪೆನ್ಶನ್. ಅಲ್ಲೀತನಕ ಹಿಂಗ ಹಿಡಕೊಂಡು ಬಾ.”