ಮುಖಚಿತ್ರದಾಕೆ

ಮುಲುಂಡಿನ ಸುಬ್ಬಲಕ್ಷ್ಮಿಯ ಎಡಗಣ್ಣಿನ ರೆಪ್ಪೆಯ ಮೇಲೆ ಕಡಲೆಕಾಳಿನಷ್ಟು ದಪ್ಪದ ಕುರು ಎದ್ದಿತು. ಬೈಕುಲ್ಲಾದ ನೀಲಕಂಠಪ್ಪನ ಮಾನ ಹೋಗಲು ಅಷ್ಟೇ ಸಾಕಾಯಿತು.

ನೀಲಕಂಠಪ್ಪ ಮುಂಬಯಿಯ ಒಂದು ಚಿತ್ರಕಲಾ ಶಾಲೆಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿ. ಮೂವರು ಮೂವರು ಸೇರಿ ಒಂದೊಂದು ಪತ್ರಿಕೆಯನ್ನು ತಾವೇ ರೂಪಿಸಿ, ತಾವೇ ಅಚ್ಚುಹಾಕಿ ತರಬೇಕೆಂದು ಆ ವರ್ಷ ಅಲ್ಲಿಯ ಸರ್ ಅಪ್ಪಣೆ ಮಾಡಿದ್ದರು. ಕ್ರಿಕೆಟ್, ಸಿನಿಮಾ, ಅಡುಗೆ ಎಲ್ಲವನ್ನೂ ಬೇರೆಯವರು ಹಂಚಿಕೊಂಡ ಮೇಲೆ ಇವರ ತಂಡಕ್ಕೆ ಉಳಿದದ್ದು ಫ್ಯಾಶನ್. ಎರಡು ಜುಬ್ಬಾಗಳಲ್ಲಿ ವರ್ಷ ಕಳೆಯುತ್ತಿದ್ದ ನೀಲಕಂಠಪ್ಪನಿಗೂ ಫ್ಯಾಶನ್ನಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೆ ತಂಡದಲ್ಲಿ ಸುಮಿತ್ರಾ ಇದ್ದಳು. ಮೈಸೂರು ಕಡೆಯವಳು, ಮಾತು ಪಟಪಟ. ಅವಳು ಹೂಂ ಎಂದ ಮೇಲೆ ನೀಲಕಂಠಪ್ಪ ಉಹೂಂ ಎಂದದ್ದೇ ಇಲ್ಲ. ಅವಳು ಸಂಪಾದಕಿ, ಅಚ್ಚುಮೊಳೆ ಜೋಡಿಸುವವನು ಸತ್ಯಮೂರ್ತಿ, ಚಿತ್ರವೆಲ್ಲ ನೀಲಕಂಠಪ್ಪನದು. ಕನ್ನಡದಲ್ಲೇ ತರೋಣವೆಂದು ನಿಶ್ಚಯಿಸಿ ಪತ್ರಿಕೆಗೆ 'ಸೆರಗು' ಎಂದು ಹೆಸರಿಟ್ಟರು.

ನೀಲಕಂಠಪ್ಪ ಇದ್ದ ಮಾಳಿಗೆ ವಠಾರದ, ಅಂದರೆ ಚಾಳಿನ, ಕೆಳಮಾಳಿಗೆಯಲ್ಲೇ ಚನ್ನಬಸಯ್ಯನವರ ಪುಟ್ಟ ಛಾಪಖಾನೆ ಇತ್ತು. ಲಗ್ನಪತ್ರಿಕೆಗಳ ನಡುವೆ ಎರಡು ದಿನ ಬಿಡುವು ಮಾಡಿ ಅವರು ಮಶೀನನ್ನು ಇವರಿಗೆ ಬಿಟ್ಟುಕೊಟ್ಟಿದ್ದರು. ಕಾಲಿನಿಂದ ತುಳಿದರೆ ಕಬ್ಬಿಣದ ದವಡೆ ತೆರೆಯುತ್ತಿತ್ತು, ಬಿಳಿ ಹಾಳೆಯನ್ನು ಕಚ್ಚುತ್ತಿತ್ತು, ಬಿಟ್ಟಾಗ ಹಾಳೆಯ ಮೇಲೆ ಮಾತು ಮೂಡಿರುತ್ತಿತ್ತು. ಚಿಕ್ಕಂದಿನಿಂದ ಕಂಡ ಮಶೀನಾದರೂ, ತಾನೇ ಬರೆದ ಜಡೆ, ತಾನೇ ಬರೆದ ಬಳೆ ಆ ದವಡೆಯಿಂದ ಹೊರಬಂದಾಗ ನೀಲಕಂಠಪ್ಪ ತನಗೆ ಗೊತ್ತಿಲ್ಲದೆಯೇ ಕೈಮುಗಿದಿದ್ದ.

ಶನಿವಾರ ಒಳಪುಟಗಳೆಲ್ಲ ಮುಗಿದವು. ಉಳಿದದ್ದು ಮುಖಚಿತ್ರ ಒಂದೇ. ಭಾನುವಾರ ಸುಮಿತ್ರಾಳ ಚಿಕ್ಕಪ್ಪನ ಮಗಳು ಸುಬ್ಬಲಕ್ಷ್ಮಿ ಬಂದು ಕೂರಬೇಕು, ಅವಳನ್ನು ನೋಡಿ ನೀಲಕಂಠಪ್ಪ ಚಿತ್ರ ಬರೆದು, ಲಿನೋ ಎಂಬ ಮೆತ್ತನೆಯ ದಪ್ಪ ಹಾಳೆಯಲ್ಲಿ ಅಚ್ಚು ಕೊರೆದು, ಸಂಜೆಯೊಳಗೆ ಅಚ್ಚುಹಾಕಬೇಕು. ಸೋಮವಾರ ಬೆಳಿಗ್ಗೆ ಪತ್ರಿಕೆ ಸರ್ ಕೈಯಲ್ಲಿರಬೇಕು. ಆದರೆ ಭಾನುವಾರ ಲೋಕಲ್ ಇಳಿದು ಬಂದವಳು ಸುಮಿತ್ರಾ ಒಬ್ಬಳೇ. ಅವಳ ಕೈಚೀಲದಲ್ಲಿ ಹಸಿರು ಮೈಸೂರು ರೇಷ್ಮೆ ಸೀರೆಯೊಂದಿತ್ತು. ಉಡುವವಳು ಇರಲಿಲ್ಲ.

"ಕುರು ಎದ್ದು ಕಣ್ಣೇ ಮುಚ್ಚಿಹೋಗಿದೆ. ಕನ್ನಡಿ ನೋಡ್ಕೊಂಡು ಅಳ್ತಾ ಕೂತಿದಾಳೆ," ಎಂದಳು ಸುಮಿತ್ರಾ.

"ಹಂಗಾರ ನೀವ ಕುಂದರ್ರಿ," ಎಂದ ನೀಲಕಂಠಪ್ಪ, ಪೆನ್ಸಿಲಿನ ತುದಿ ನೋಡುತ್ತ.

"ಸಂಪಾದಕಿ ತನ್ನ ಚಿತ್ರಾನೇ ಮುಖಪುಟಕ್ಕೆ ಹಾಕ್ಕೊಂಡ್ಲು ಅಂತ ಕ್ಲಾಸೆಲ್ಲ ನಗಬೇಕಾ? ಸುಮ್ನೆ ಮನಸ್ಸಿನಿಂದ ಬರೀರಿ."

ಅದೇ ಕಷ್ಟ. ನೋಡಿ ಬರೆದರೆ ನೀಲಕಂಠಪ್ಪನ ಕೈ ಬಂಗಾರ. ನೋಡದೆ ಬರೆದರೆ ಅವನ ಹೆಂಗಸರೆಲ್ಲರೂ ಧಾರವಾಡದ ಅವನ ಸೋದರಮಾವನಂತೆ ಕಾಣುತ್ತಿದ್ದರು.

ಯಾರನ್ನಾದರೂ ಕರೆತರುತ್ತೇನೆಂದು ಅವನು ಚಾಳಿನ ಮೆಟ್ಟಿಲು ಹತ್ತಿದ. ಮೊದಲು ಎದುರಾದವಳು ಗಂಗುಬಾಯಿ. ಅವಳ ಕಿವಿಗೆ ಬಿದ್ದ ಮಾತು ಮುಂಬಯಿ ರೇಡಿಯೋಗಿಂತ ಬೇಗ ಹರಡುತ್ತಿತ್ತು.

"ಅರೇ ದೇವಾ! ಪುಸ್ತಕದ ಮ್ಯಾಲ ಫೋಟೋ? ಏ ಮಲ್ಲವ್ವಾ, ಜಲ್ದಿ ಬಾ!"

ಅವನು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಮನೆಗಳ ಮುಂದಿನ ಗ್ಯಾಲರಿ ತುಂಬ ಸೀರೆಗಳು. ಮಲ್ಲವ್ವ ತನ್ನ ಸೊಸೆಯನ್ನು ಮುಂದೆ ತಳ್ಳಿದಳು. ಹಲ್ಲೆಲ್ಲ ಉದುರಿದ ಅಂಬವ್ವ ಮುದುಕಿ, ತನ್ನ ಮೂಗುಬೊಟ್ಟಿನ ಹರಳು ಬಿಸಿಲಿಗೆ ಹ್ಯಾಗೆ ಹೊಳೆಯುತ್ತದೆಂದು ಅತ್ತಿತ್ತ ಕತ್ತು ತಿರುಗಿಸಿ ತೋರಿಸಿದಳು. ಅವನ ತಾಯಿ ಚಂದ್ರವ್ವ ಅವನ ತೋಳು ಹಿಡಿದು ಒಳಗೆಳೆದಳು.

"ಒಬ್ಬಾಕೀನ ಬರದಿ ಅಂದ್ರ ಉಳದಾಕೇರು ನಂಗ ನಳದ ನೀರು ಬಿಡಂಗಿಲ್ಲ. ತಿಳೀತಿಲ್ಲೊ? ಯಾರನ್ನೂ ಬರೀಬ್ಯಾಡ!"

ಬಂದ ಮೆಟ್ಟಿಲಲ್ಲೇ ಅವನು ಕೆಳಗೋಡಿ ಬಂದು ಕಾಗದದ ಕಟ್ಟಿನ ಮೇಲೆ ಕುಸಿದ. ಅವನ ಮುಖ ನೋಡಿ ಚನ್ನಬಸಯ್ಯನವರು ಕನ್ನಡಕ ಒರೆಸಿಕೊಂಡರು.

"ಒಬ್ಬಾಕಿ ಅದಾಳ. ಕರಸ್ಲೇನು?"

ಕರೆಸಿದರು. ಬಂದವನು ಎರಡನೇ ಮಾಳಿಗೆಯ ಶೆಟ್ಟೆಪ್ಪ.

ಶೆಟ್ಟೆಪ್ಪ ಬಟ್ಟೆ ಮಿಲ್ಲಿನಲ್ಲಿ ಜಾಬರ್, ಕೂಲಿಗಳ ಮೇಲಿನ ಮೇಸ್ತ್ರಿ. ಎಮ್ಮೆಯ ಹೆಗಲು, ಬೂಟಿನ ಬ್ರಶ್ಶಿನಂಥ ಮೀಸೆ. ಅವನು ಗದರಿದರೆ ಮಗ್ಗಗಳೂ ನಿಲ್ಲುತ್ತವೆಂದು ಪ್ರತೀತಿ. ಸುಮಿತ್ರಾ ನೀಲಕಂಠಪ್ಪನ ಮುಖ ನೋಡಿದಳು, ನೀಲಕಂಠಪ್ಪ ಚನ್ನಬಸಯ್ಯನವರ ಮುಖ ನೋಡಿದ.

"ನಾಟಕ ಕಂಪನಿಯೊಳಗ ಇವನ ಸ್ತ್ರೀಪಾತ್ರ ನೋಡಾಕ ಮಂದಿ ಚಕ್ಕಡಿ ಕಟ್ಟಿಗೊಂಡು ಬರ್ತಿದ್ರು. ಆಗ ಹ್ಯಾಂಡ್‌ಬಿಲ್ ಹೊಡದಾಂವ ನಾನ," ಎಂದರು ಅವರು.

ಶೆಟ್ಟೆಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಸುಮ್ಮನಿರ್ರಿ ಯಜಮಾನ್ರ. ಇನ್ನ ಸೀರಿ ಮುಟ್ಟಂಗಿಲ್ಲ ಅಂತ ಲಗ್ನದಾಗ ಮಾವಗ ಮಾತು ಕೊಟ್ಟೀನಿ. ಮಿಲ್ಲಿನ ಮಂದಿಗೆ ಗೊತ್ತಾದ್ರ ನಾಳೆಯಿಂದ ನಂಗ ಅಕ್ಕಾ ಅಂತಾರ." ಅಷ್ಟು ಹೇಳಿದವನು ಹಸಿರು ಸೀರೆಯ ಕಡೆ ಒಮ್ಮೆ ನೋಡಿದ. ಮತ್ತೊಮ್ಮೆ ನೋಡಿದ. "ನಮ್ಮಾಕಿ ಬಸಲಿಂಗವ್ವ ಗೋರೆಗಾಂವಿಗೆ ಹೋಗ್ಯಾಳ. ಸಂಜೀತನಾ ಬರಂಗಿಲ್ಲ... ಬಾಗಲಾ ಹಾಕ್ರಿ. ಎಲ್ಲಾರೂ ಆಣಿ ಮಾಡ್ರಿ, ಯಾರಿಗೂ ಹೇಳಬಾರ್ದು."

ಎಲ್ಲರೂ ಆಣೆ ಮಾಡಿದರು. ಶೆಟ್ಟೆಪ್ಪ ಸೀರೆ ಹಿಡಿದು ಕಾಗದದ ಕಪಾಟಿನ ಹಿಂದೆ ಹೋದ. ಸತ್ಯಮೂರ್ತಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ತುರುಕಿಕೊಂಡ.

ಕಪಾಟಿನ ಹಿಂದಿನಿಂದ ಹೊರಬಂದದ್ದು ಶೆಟ್ಟೆಪ್ಪನಲ್ಲ.

ಮೊದಲು ನಡಿಗೆ ಬಂತು. ಆಮೇಲೆ ನೆರಿಗೆ ಬಂತು. ಆ ಹೆಗಲು ಎಲ್ಲಿ ಹೋಯಿತೋ, ಆ ಎತ್ತರ ಹ್ಯಾಗೆ ಕರಗಿತೋ! ಕಿಟಕಿಯ ಬೆಳಕಿಗೆ ಓರೆಯಾಗಿ ನಿಂತು, ಎರಡೇ ಬೆರಳಿನಲ್ಲಿ ಸೆರಗಿನ ಅಂಚು ಹಿಡಿದು ಮೂಗಿನ ಕೆಳಗೆ ತಂದಾಗ ಮೀಸೆ ಮರೆಯಾಯಿತು. ಉಳಿದ ಎರಡು ಕಣ್ಣು ಮೆಲ್ಲಗೆ ಎದ್ದು ನೀಲಕಂಠಪ್ಪನನ್ನು ನೋಡಿದವು. ಆ ನೋಟದಲ್ಲಿ ನಾಚಿಕೆಯೂ ಇತ್ತು, ಬಿಂಕವೂ ಇತ್ತು, ಇಷ್ಟು ದಿನ ಎಲ್ಲಿದ್ದೆ ಎಂಬ ಆಕ್ಷೇಪಣೆಯೂ ಇತ್ತು. ಸತ್ಯಮೂರ್ತಿಯ ಬಾಯಿಯಿಂದ ಕರವಸ್ತ್ರ ತಾನಾಗಿ ಬಿತ್ತು. ಸುಮಿತ್ರಾ ತನ್ನ ಸೆರಗನ್ನು ಸುಮ್ಮನೆ ಸರಿಮಾಡಿಕೊಂಡಳು.

"ಬರೀ," ಎಂದರು ಚನ್ನಬಸಯ್ಯನವರು.

ನೀಲಕಂಠಪ್ಪ ಬರೆದ. ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಕೈ ಅವನದಾಗಿರಲಿಲ್ಲ, ಬೇರೆ ಯಾರೋ ಹಿಡಿದು ನಡೆಸುತ್ತಿದ್ದರು. ಬರೆದದ್ದನ್ನು ತಿರುವುಮುರುವಾಗಿ ಲಿನೋ ಮೇಲೆ ಇಳಿಸಿ, ಉಳಿಯಿಂದ ಹಸಿರಿಗೊಂದು, ಕಪ್ಪಿಗೊಂದು ಅಚ್ಚು ಕೊರೆದು, ಎರಡು ಸಲ ಬೆರಳೂ ಕೊಯ್ದುಕೊಂಡ. ಮೊದಲು ಹಸಿರು ಹೊಡೆದರು. ಹಾಳೆಯ ಮೇಲೆ ಬರೀ ಒಂದು ಸೀರೆ ಗಾಳಿಯಲ್ಲಿ ನಿಂತಂತಿತ್ತು. ಅದು ಆರಿದ ಮೇಲೆ ಕಪ್ಪಿನ ಅಚ್ಚು ಕೂರಿಸಿ ಸತ್ಯಮೂರ್ತಿ ಮಶೀನು ತುಳಿದ. ದವಡೆ ತೆರೆಯಿತು. ಸೀರೆಯೊಳಗೆ ಹೆಂಗಸು ಬಂದು ನಿಂತಿದ್ದಳು. ಕಣ್ಣು ನೇರ ನೋಡುವವರ ಎದೆಗೇ ನೆಟ್ಟಿತ್ತು. ಐವರೂ ಆ ಹಾಳೆಯ ಮೇಲೆ ಬಗ್ಗಿದರು. ಮತ್ತೆ ಧೋತರ ಉಟ್ಟು ಮೀಸೆ ತೀಡುತ್ತ ನಿಂತಿದ್ದ ಶೆಟ್ಟೆಪ್ಪ ಕೊನೆಗೆ ಒಂದೇ ಮಾತು ಹೇಳಿದ.

"ಇನ್ನೂ ಅದಾಳ ಈಕಿ."

ಇಷ್ಟರಲ್ಲಿ ಬಾಗಿಲು ಬಡಿಯುವ ಸದ್ದು. ಕಿಟಕಿಯ ಸಂದಿನಿಂದ ಗಂಗುಬಾಯಿ ಬೆಳಿಗ್ಗೆಯೇ ಹಸಿರು ಸೀರೆಯ ಬೆನ್ನೊಂದನ್ನು ಕಂಡಿದ್ದಳು. ಒಳಗೆ ಹೋದವಳು ಹೊರಗೆ ಬಂದಿಲ್ಲವೆಂದು ಮಧ್ಯಾಹ್ನದಿಂದ ಕಾವಲು ಕೂತಿದ್ದಳು. ಈಗ ಇಡೀ ಚಾಳು ಅವಳ ಹಿಂದಿತ್ತು.

ಚಂದ್ರವ್ವ ಒಳಗೆ ನುಗ್ಗಿದವಳೇ ಮಗನ ಜುಬ್ಬಾ ಹಿಡಿದಳು. "ಯಾರನ್ನ ಒಳಗ ಮುಚ್ಚಿಟ್ಟೀಯೋ? ನನ್ನ ಹೊಟ್ಯಾಗ ಹುಟ್ಟಿ ಹಿಂಥಾ ಕೆಲಸಾ ಮಾಡ್ದ್ಯಾ?"

"ಯವ್ವಾ, ಯಾರೂ ಇಲ್ಲಬೇ!"

"ಯಾರೂ ಇಲ್ಲಂದ್ರ ಇದು ಯಾರು?" ಎಂದು ಮಲ್ಲವ್ವ ಹಾಳೆಯನ್ನು ಎತ್ತಿ ಹಿಡಿದಳು.

ಹಿಡಿದವಳು ಹಿಡಿದಂತೆಯೇ ನಿಂತಳು. ಹಿಂದಿನವರು ಇಣುಕಿದರು, ಅವರೂ ನಿಂತರು. ಅಂಬವ್ವ ಮುದುಕಿ ಚಿತ್ರಕ್ಕೆ ದೃಷ್ಟಿ ತೆಗೆದು ಬೆರಳು ಲಟಲಟ ಮುರಿದಳು. ಬೈಯಲು ತೆರೆದ ಚಂದ್ರವ್ವನ ಬಾಯಿಂದ "ಎಂಥಾ ಕಣ್ಣವ್ವಾ!" ಎಂಬ ಮಾತು ಹೊರಟಿತು. ನೀಲಕಂಠಪ್ಪನಿಗೆ ಭಯದ ನಡುವೆಯೂ ಮೈ ಜುಮ್ಮೆಂದಿತು. ತನ್ನ ಕೈಯ ಗೆರೆಗಳು ಚಾಳಿನ ಬಾಯಿ ಮುಚ್ಚಿಸಿದ್ದವು.

ಆಗ ಗುಂಪನ್ನು ಸರಿಸಿಕೊಂಡು ಬಸಲಿಂಗವ್ವ ಬಂದಳು. ಗೋರೆಗಾಂವಿನಿಂದ ಆಗತಾನೆ ಬಂದವಳು, ಚೀಲ ಇನ್ನೂ ಕೈಯಲ್ಲೇ ಇತ್ತು. ಅವಳು ಹಾಳೆ ತೆಗೆದುಕೊಂಡು ನೋಡಿದಳು. ಆ ಎರಡು ಬೆರಳು. ಆ ಅಂಚು. ಆ ಕಣ್ಣು. ಚೀಲ ಕೈಯಿಂದ ಜಾರಿ ಬದನೆಕಾಯಿಗಳು ಮಶೀನಿನ ಕೆಳಗೆ ಉರುಳಿದವು. ಗದಗಿನ ನಾಟಕದಲ್ಲಿ, ಹೆಣ್ಣುಮಕ್ಕಳ ಸಾಲಿನಲ್ಲಿ ಕೂತು ಈ ಕಣ್ಣು ನೋಡಿ ಬಂದ ಮೇಲೆ ಹುಡುಗಿ ಬಸಲಿಂಗವ್ವ ವಾರಗಟ್ಟಲೆ ಸರಿಯಾಗಿ ಉಂಡಿರಲಿಲ್ಲ. ಮದುವೆಯಾದರೆ ಆ ವೇಷ ಕಟ್ಟಿದವನನ್ನೇ ಎಂದು ಹಟ ಹಿಡಿದು ಆಗಿದ್ದಳು. ಆ ಮೇಲೆ ಆ ಕಣ್ಣುಗಳನ್ನು ಅವಳು ಎಂದೂ ಕಂಡಿರಲಿಲ್ಲ.

ಶೆಟ್ಟೆಪ್ಪ ಮಶೀನಿನ ಹಿಂದೆ ಕೂತುಬಿಟ್ಟಿದ್ದ.

"ನೀ ಬಲ್ಲೇನ ಈಕೀನ?" ಎಂದಳು ಗಂಗುಬಾಯಿ.

ಬಸಲಿಂಗವ್ವ ಕಣ್ಣೊರೆಸಿಕೊಂಡಳು. ಗಂಡನ ಮಾನ ಈಗ ತನ್ನ ನಾಲಗೆಯ ಮೇಲಿದೆ ಎಂದು ಅವಳಿಗೆ ತಿಳಿಯಿತು.

"ಬಲ್ಲೆ. ನಮ್ಮ ತಂಗಿ. ಗದಗಿನಾಕಿ. ಮುಂಜಾನೆ ಬಂದಿದ್ಲು, ಹಿಂದಿನ ಬಾಗಿಲಲೆ ಟೇಶನ್ನಿಗೆ ಹೋದ್ಲು, ಈಗ ಅಲ್ಲೇ ನಂಗ ಭೆಟ್ಟಿ ಆಗಿದ್ಲು."

ಚಾಳು ನಿಟ್ಟುಸಿರು ಬಿಟ್ಟಿತು. ನೀಲಕಂಠಪ್ಪನೂ ಬಿಟ್ಟ. ಅವನ ಉಸಿರು ಪೂರ್ತಿ ಹೊರಬರುವ ಮೊದಲೇ ಚಂದ್ರವ್ವ ಬಸಲಿಂಗವ್ವನ ಎರಡೂ ಕೈ ಹಿಡಿದುಕೊಂಡಿದ್ದಳು.

"ಲಗ್ನ ಆಗೇತೇನವ್ವಾ?"

"ಇಲ್ಲ," ಎಂದಳು ಬಸಲಿಂಗವ್ವ, ಗಾಬರಿಯಲ್ಲಿ.

"ನಮ್ಮ ನೀಲ್ಯಾಗ ಕೊಟ್ಟಬಿಡ್ರಿ! ಏ ಗಂಗುಬಾಯಿ, ನಮ್ಮ ಮನ್ಯಾಗಿಂದ ಸಕ್ರಿ ಡಬ್ಬಿ ತಾ!"

"ಯವ್ವಾ, ಬ್ಯಾಡಬೇ!" ಎಂದು ನೀಲಕಂಠಪ್ಪ ಕೂಗಿದ. "ಯಾಕ ಬ್ಯಾಡ?" ಎಂದಳು ಚಂದ್ರವ್ವ. ಅದಕ್ಕೆ ಅವನು ಏನು ಹೇಳಿಯಾನು? ಆಣೆ ಮಾಡಿದ್ದನಲ್ಲ. ಸುಮಿತ್ರಾ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಅವಳ ಬೆನ್ನು ಕುಲುಕುತ್ತಿತ್ತು. ಅಂಬವ್ವ ಆಗಲೇ ಸೋಬಾನೆಯ ರಾಗ ಹಿಡಿದಿದ್ದಳು. ಸಕ್ಕರೆ ಬಂತು. ನೀಲಕಂಠಪ್ಪ ಅಳು ಬರುವ ಕಣ್ಣಿನಿಂದ ಮಶೀನಿನ ಹಿಂದೆ ನೋಡಿದ. ಅವನ ವಧು ಅಲ್ಲಿಂದ ಕೆಮ್ಮುತ್ತ ಎದ್ದಳು, ಅಲ್ಲ, ಎದ್ದ.

"ಚಂದ್ರವ್ವಾರ, ಸ್ವಲ್ಪ ತಡೀರಿ," ಎಂದ ಶೆಟ್ಟೆಪ್ಪ, ಬದನೆಕಾಯಿ ಆರಿಸಲು ಬಗ್ಗಿದ್ದವನಂತೆ ಕೈಯಲ್ಲೆರಡು ಹಿಡಿದು. "ಹುಡುಗಿ ಇವನ ಮುಂದ ಭಾಳೊತ್ತು ನಿಂತಿದ್ಲು. ಚೊಲೊತ್ನಂಗ ನೋಡ್ಯಾಳ. ಹೋಗೂ ಮುಂದ ನನ್ನ ಮುಂದ ಹೇಳ್ಯಾಳ."

"ಏನಂದ್ಳು?"

"ಒಲ್ಲೆ ಅಂದ್ಳು."

ನೀಲಕಂಠಪ್ಪನಿಗೆ ಜೀವ ಬಂದಂತಾಯಿತು. ಅವನು ಶೆಟ್ಟೆಪ್ಪನ ಕಾಲಿಗೆ ಬೀಳುವುದರಲ್ಲಿದ್ದ. ಆದರೆ ಹಳೆಯ ನಟ ಇಷ್ಟು ಜನರನ್ನು ಮುಂದೆ ಕಂಡು ಎಷ್ಟೋ ವರ್ಷಗಳಾಗಿದ್ದವು. ಒಂದು ಮಾತಿಗೆ ನಿಲ್ಲುವುದು ಅವನಿಂದಾಗಲಿಲ್ಲ.

"'ಭಾವಾ, ಹುಡುಗ ಕೆಟ್ಟಾಂವಲ್ಲ, ಖರೇ ಬಾಯಿ ತಕ್ಕೊಂಡು ನಿಲ್ಲತಾನ, ಮ್ಯಾಲೆ ಜುಬ್ಬಾ ತೊಳಿಯಂಗಿಲ್ಲ. ಹೆಂಡತಿ ಬಂದ್ರ ಪಾಪ, ಅಕೀ ಗತಿ ಏನು?' ಅಂದ್ಳು."

ಚಾಳಿನ ಹೆಂಗಸರು ಒಬ್ಬೊಬ್ಬರಾಗಿ ನೀಲಕಂಠಪ್ಪನ ಜುಬ್ಬಾ ನೋಡಿದರು. ನೋಡಿ ತಲೆದೂಗಿದರು. ಗಂಗುಬಾಯಿ ತಾನು ತಂದ ಸಕ್ಕರೆ ಡಬ್ಬಿಯ ಮುಚ್ಚಳವನ್ನು ಸದ್ದಾಗದಂತೆ ಮುಚ್ಚಿ, ಸುದ್ದಿ ಹೇಳಲು ಪಕ್ಕದ ಚಾಳಿಗೆ ಹೊರಟಳು. ಬಸಲಿಂಗವ್ವ ಮುಖಚಿತ್ರದ ಒಂದು ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡನನ್ನು ಕರೆದುಕೊಂಡು ಮೆಟ್ಟಿಲು ಹತ್ತಿದಳು. ಅವಳು ಅವನ ಕಡೆ ನೋಡಿದ ರೀತಿ ಕಂಡು ಚನ್ನಬಸಯ್ಯನವರು ಬೇರೆ ಕಡೆ ತಿರುಗಿಕೊಂಡರು.

ಕತ್ತಲಾಗುವ ಹೊತ್ತಿಗೆ ಪತ್ರಿಕೆಗಳ ಕಟ್ಟು ಸಿದ್ಧವಾಯಿತು. ಸುಮಿತ್ರಾ ಮೇಲೆ ಹೋಗಿ ಚಂದ್ರವ್ವನಿಗೆ ನಮಸ್ಕಾರ ಹೇಳಿ, ಸತ್ಯಮೂರ್ತಿಯ ಜೊತೆ ಸ್ಟೇಶನ್ನಿಗೆ ಹೊರಟಳು. ನೀಲಕಂಠಪ್ಪ ಕೈಯ ಮಸಿ ತೊಳೆದು ಊಟಕ್ಕೆ ಕೂತ. ತಾಯಿ ರೊಟ್ಟಿ ಬಡಿಸುತ್ತ ಅವನ ತಲೆ ನೇವರಿಸಿದಳು.

"ಹೋಗ್ಲಿ ಬಿಡಪಾ. ಆ ಗದಗಿನಾಕಿ ಒಲ್ಲೆ ಅಂದ್ಳಂತ ನಂಗೂ ಭಾಳ ಸಿಟ್ಟ ಬಂದಿತ್ತು. ಆ ಮೈಸೂರ ಹುಡುಗೀನ್ನ ಕೇಳಿದೆ: 'ನಮ್ಮ ಹುಡುಗಗೇನವ್ವಾ ಕಡಿಮಿ? ನೀ ಆಗಿದ್ರ ಒಲ್ಲೆ ಅಂತಿದ್ದೇನು?' ಅಂತ."

ನೀಲಕಂಠಪ್ಪನ ಕೈಯ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಏನಂದ್ರು?"

"ಭಾಳ ಶಾಣ್ಯಾಕಿ ಅದಾಳ. 'ಅಮ್ಮಾ, ಅವಳು ಹತ್ತಿರದಿಂದ ನೋಡಿ ಹೇಳಿದಾಳೆ, ಸರಿಯಾಗೇ ಹೇಳಿರ್ತಾಳೆ' ಅಂದ್ಳು. ಉಣ್ಣು, ಆರತೈತಿ."