ಸೂಜಿ ಇರುವ ರೋಗಾಣು

ಓದಿದ್ದನ್ನು ಒಳಗೇ ಇಟ್ಟುಕೊಂಡಷ್ಟು ದಿನ ನನ್ನಿಂದ ಯಾರಿಗೂ ತೊಂದರೆಯಿಲ್ಲ. ಬಾಯಿಬಿಟ್ಟಾಗಲೆಲ್ಲ ಹೀಗೇ ಆಗುತ್ತದೆ.

ತೊಂಬತ್ತರ ದಶಕದ ಕೊನೆ. ಕಳಸದ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್. ಹತ್ತಿರದ ಎಸ್ಟೇಟಿನ ಕೂಲಿ ಲೈನಿನ ಸಾಲುಮನೆಗಳಲ್ಲಿ ರಕ್ತಭೇದಿ ಹಬ್ಬಿ, ಎರಡು ಮಕ್ಕಳು ಏಳಲಾರದಷ್ಟು ಸೊರಗಿದ್ದವು. ಅಲ್ಲಿ ಎಲ್ಲರೂ ಕುಡಿಯುತ್ತಿದ್ದುದು ಹಳ್ಳದ ನೀರು. "ನಾನು ಹೇಳಿದ್ರೆ ಕೇಳಲ್ಲ. ನೀವು ಓದಿದೋರು, ಬನ್ನಿ" ಎಂದು ನಮ್ಮ ಸಿಸ್ಟರ್ ಕರೆದುಕೊಂಡು ಹೋದರು.

೧. ಚಿತ್ರ

ಕಾಫಿ ಒಣಗಿಸುವ ಕಣದ ಮೇಲೆ ಇದ್ದಿಲಿನಿಂದ ಚಿತ್ರ ಬರೆದು ವಿವರಿಸಿದೆ. "ಈ ರೋಗಾಣುವಿಗೆ ಸಿರಿಂಜಿನಂಥ ಸೂಜಿ ಇದೆ. ಕರುಳಿನ ಜೀವಕೋಶಕ್ಕೆ ಚುಚ್ಚಿ ತನ್ನ ಪ್ರೋಟೀನನ್ನು ಒಳಗೆ ಬಿಡುತ್ತದೆ. ಆಗ ಕೋಶ ಮೋಸಹೋಗಿ, ತಾನೇ ರೋಗಾಣುವನ್ನು ತಬ್ಬಿ ಒಳಗೆಳೆದುಕೊಳ್ಳುತ್ತದೆ."

ಕೂಲಿಗಳ ಮೇಸ್ತ್ರಿ ಬಗ್ಗಿ ಚಿತ್ರ ನೋಡಿದ.

"ಕಣ್ಣಿಗೇ ಕಾಣದ ಹುಳಕ್ಕೂ ಸೂಜಿ ಇದೆ. ನಿಮ್ಮ ಆಸ್ಪತ್ರೇಲಿ ಮಾತ್ರ ಯಾವಾಗ ಬಂದ್ರೂ ಸೂಜಿ ಇಲ್ಲ ಅಂತೀರಲ್ಲ ಸಾರ್."

೨. ಪರಿಣಾಮ

ಮರುದಿನ ಸಿಸ್ಟರ್ ಎಲ್ಲಿಂದಲೋ ಸೂಜಿ ಹೊಂದಿಸಿಕೊಂಡು ಇಂಜೆಕ್ಷನ್ ಕೊಡಲು ಹೋದರೆ, ಮಲಗಿದ್ದ ಮಗುವಿನ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ನನ್ನತ್ತ ಕೈ ತೋರಿಸಿ, "ಸೂಜಿ ಚುಚ್ಚೋದ್ರಿಂದಲೇ ಭೇದಿ ಬರೋದು ಅಂತ ಈ ಸಾರೇ ಬರೆದು ತೋರಿಸಿದ್ರು. ಈಗ ಚುಚ್ಚೋಕೆ ಬಂದ್ರಾ?" ಎಂದಳು.

ನಾನು ಹೋಗಿ ಚಿತ್ರವನ್ನು ಕಾಲಿನಿಂದ ಉಜ್ಜಿ ಅಳಿಸಿದೆ. ಅಜ್ಜಿಯನ್ನು ಒಪ್ಪಿಸಲು ಸಿಸ್ಟರಿಗೆ ಮಧ್ಯಾಹ್ನವಾಯಿತು. ಜೀಪು ಹತ್ತುವಾಗ ಹೇಳಿದರು:

"ಇನ್ನು 'ನೀರು ಕಾಯಿಸಿ ಕುಡೀರಿ' ಅನ್ನಿ, ಸಾಕು. ಮೂರೇ ಮಾತು. ನಾಲ್ಕನೇದು ಬಂದ್ರೆ ಕೆಮ್ಮಿಬಿಡಿ ಮಾರಾಯ್ರೆ."

೩. ಉಪಚಾರ

ಮನೆಮನೆಗೆ ಹೋಗಿ ಆ ಮೂರು ಮಾತನ್ನಷ್ಟೇ ಹೇಳಿದೆ. ವಾರ ಬಿಟ್ಟು ನೋಡಿದರೆ ಒಲೆಒಲೆಯ ಮೇಲೂ ನೀರು ಕುದಿಯುತ್ತಿತ್ತು. ಮಲಗಿದ್ದ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದವು. ನೆಂಟರಿಗೆ ಕೊಡುವಂತೆ ಎಲ್ಲರೂ ನನಗೆ ಬೆಲ್ಲ, ನೀರು ತಂದಿಟ್ಟರು. ಕಾಯಿಸಿ ಆರಿಸಿದ್ದೆಂದು ನಂಬಿ ಲೈನಿನ ಏಳು ಮನೆಯಲ್ಲೂ ಕುಡಿದೆ.

ಮೂರನೆಯ ದಿನ ನಮ್ಮದೇ ಆಸ್ಪತ್ರೆಯಲ್ಲಿ ರಕ್ತಭೇದಿಯಾಗಿ ಮಲಗಿದ್ದೆ. ಸಿಸ್ಟರ್ ಒಮ್ಮೆ ಕೆಮ್ಮಿ ಡ್ರಿಪ್ ಹಾಕಿದರು. ಬೈದಿದ್ದರೆ ವಾಸಿಯಿತ್ತು.

ಸಂಜೆ ಅಜ್ಜಿ ಬಾಳೆಹಣ್ಣು ಹಿಡಿದು ನೋಡಲು ಬಂದಳು. "ನಿಮ್ಮ ಮಾತು ನಡೆಸಿದ್ದೀವಿ ಸಾರ್. ಲೈನಲ್ಲೀಗ ಒಬ್ಬರಿಗೂ ಭೇದಿ ಇಲ್ಲ."

"ಮತ್ತೆ ನನಗೆ ಕೊಟ್ಟ ನೀರು?"

ಅಜ್ಜಿಗೆ ಬೇಸರವಾಯಿತು. "ಕಾಯಿಸಿದ ನೀರು ಸಪ್ಪೆ, ನಮಗಾದ್ರೆ ನಡೆಯುತ್ತೆ. ಮನೆಗೆ ಬಂದ ದೊಡ್ಡೋರಿಗೆ ಅದನ್ನ ಕೊಡೋಕಾಗುತ್ತಾ? ನಿಮಗೆ ಅಂತಲೇ ಓಡಿಹೋಗಿ ಹಳ್ಳದಿಂದ ತಣ್ಣಗಿರೋದು ತಂದ್ವಿ."